ಗೌರಮ್ಮನವರು ರೋಗಿಯಾಗುತ್ತಿದ್ದ ಗುರುವಾರಗಳು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಬೆಂಗಳೂರಿನ ಪಶ್ಚಿಮಕ್ಕೆ, ಅನ್ನಪೂರ್ಣೇಶ್ವರಿ ನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿ. ಅಲ್ಲಿ ಅಕ್ಕಪಕ್ಕದ ಎರಡು ತರಗತಿಗಳ ಮುಂದೆ ಕಿರಿದಾದ ಪಡಸಾಲೆ. ಪಡಸಾಲೆಯ ಕೊನೆಯಲ್ಲಿ ಕುಡಿಯುವ ನೀರಿನ ಕ್ಯಾನು, ಅದರ ಪಕ್ಕದಲ್ಲಿ ನಾನು. ನನ್ನ ಎಡಕ್ಕೆ ಚಪ್ಪಲಿ ಬಿಡುವ ಸ್ಟ್ಯಾಂಡು, ಬಲಕ್ಕೆ ಎರಡನೆಯ ತರಗತಿಯ ಬಾಗಿಲು. ಬಾಗಿಲಿನ ಮೇಲರ್ಧ ಗಾಜು. ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹೊತ್ತಿನ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ನನ್ನ ಕೈಯಲ್ಲಿ ಅರ್ಧ ತುಂಬಿದ ಬಾಟಲಿ ಇತ್ತು. ಕಾಲಲ್ಲಿ ಚಪ್ಪಲಿ ಇತ್ತು. ಚಪ್ಪಲಿಯ ಮಾತು ಮುಂದೆ ಬರುತ್ತದೆ.

ಗಾಜಿನ ಆಚೆ ಎರಡು ಬೆಂಚು ಜೋಡಿಸಿ ಮಾಡಿದ ಮಂಚವಿತ್ತು. ಅದರ ಮೇಲೆ ದಿಂಬಿಗೆ ಒರಗಿ ಒಬ್ಬ ವಯಸ್ಸಾದ ಹೆಂಗಸು ಮಲಗಿದ್ದರು. ಸುತ್ತಲೂ ನರ್ಸಿಂಗ್ ಓದಿದ ಹತ್ತಾರು ಹೆಣ್ಣುಮಕ್ಕಳು, ಎಲ್ಲರೂ ಬರಿಗಾಲಲ್ಲಿ. ಒಬ್ಬಳು ಬಗ್ಗಿ ಆ ಅಜ್ಜಿಯ ಕೈ ಹಿಡಿದು ಜರ್ಮನ್ ಭಾಷೆಯಲ್ಲಿ ಹೆಸರೇನು ಎಂದು ಕೇಳುತ್ತಿದ್ದಳು. ಅಜ್ಜಿಗೆ ಜರ್ಮನ್ ಬರುವುದಿಲ್ಲ. ಕೇಳುವವಳಿಗೆ ಅದು ಗೊತ್ತಿತ್ತು. ಆದರೂ ಅವಳು ಕನ್ನಡದಲ್ಲಿ ಒಂದು ಮಾತನ್ನೂ ಆಡುವಂತಿರಲಿಲ್ಲ.

ಬೀದರಿನ ನನ್ನ ಓದುಗರಿಗೆ ಇದು ವಿಚಿತ್ರ ಅನ್ನಿಸಬಹುದು. ನನಗೂ ಮೊದಲ ಸಲ ಹಾಗೆಯೇ ಅನ್ನಿಸಿತ್ತು. ಅದು ಪಾಠ. ನಾನು ಆ ಗಾಜಿನ ಮುಂದೆ ನಿಂತದ್ದು ಹೇಗೆ ಎಂಬುದನ್ನು ಹೇಳದೆ ಮುಂದೆ ನಡೆದದ್ದನ್ನು ಹೇಳಿದರೆ ತಪ್ಪಾಗುತ್ತದೆ.

ನಾನು ಜರ್ಮನ್ ಮೇಷ್ಟ್ರು. ಹೈದರಾಬಾದಿನಲ್ಲಿ ಹಳೆಯ ಕಾಲದ ಗುರುಗಳ ಹತ್ತಿರ ಕಲಿತು, ಬೀದರಿನ ಒಂದು ಕಾಲೇಜಿನಲ್ಲಿ ಬಹಳ ವರ್ಷ ಕಲಿಸಿದೆ. ಕಲಿಯುವವರು ಕಡಿಮೆಯಾಗುತ್ತಾ ಬಂದರು, ಕೊನೆಗೆ ಕಾಲೇಜು ಆ ವಿಷಯವನ್ನೇ ಕೈಬಿಟ್ಟಿತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ನರ್ಸುಗಳಿಗೆ ಜರ್ಮನ್ ಕಲಿಸುವ ಕೇಂದ್ರಗಳು ಎದ್ದಿದ್ದವು. ಜರ್ಮನಿಯ ಆಸ್ಪತ್ರೆಗಳಿಗೆ ನರ್ಸುಗಳು ಬೇಕಂತೆ, ಆದರೆ ಭಾಷೆಯ ಪರೀಕ್ಷೆ ಪಾಸಾದ ನರ್ಸುಗಳು ಬೇಕಂತೆ. ಅಂಥ ಒಂದರಲ್ಲಿ ನನಗೆ ಕೆಲಸ ಸಿಕ್ಕಿತು. ನಾನು, ನನ್ನ ಹೆಂಡತಿ ಲಲಿತಾ ಮೂಡಲಪಾಳ್ಯದಲ್ಲಿ ಬಾಡಿಗೆಗೆ ಮನೆ ಹಿಡಿದೆವು.

ಇಲ್ಲಿ ಮನೆ ಹುಡುಕುವಾಗ ಯಾರೂ ನೀನು ಯಾರ ಮಗ ಎಂದು ಕೇಳುವುದಿಲ್ಲ. "ನೀರು ಕಾವೇರೀದು ಬೇಕಾ, ಬೋರು ಸಾಕಾ?" ಎಂದು ಕೇಳುತ್ತಾರೆ. ನಾವು ಹೌದ ಅನ್ನುವ ನೆಲದೊಳಗಿನ ನೀರಿನ ತೊಟ್ಟಿಗೆ ಇಲ್ಲಿ ಸಂಪು ಅನ್ನುತ್ತಾರೆ, ಅದರ ಮುಚ್ಚಳದ ಮೇಲೆ ಗಾಡಿ ನಿಲ್ಲಿಸಿದರೆ ಕೆಳಗಿನ ಮನೆಯ ಆಂಟಿ ಬಂದು ಜಗಳ ತೆಗೆಯುತ್ತಾರೆ. ಲಲಿತಾ ಜೋಳದ ಹಿಟ್ಟು ಹುಡುಕಿಕೊಂಡು ವಿಜಯನಗರದ ಮಾರುಕಟ್ಟೆ ಸುತ್ತಿದಳು. ಸಿಕ್ಕಿತು, ಆದರೆ ರೊಟ್ಟಿ ತಟ್ಟಿದರೆ ಅಂಚು ಸೀಳುತ್ತಿತ್ತು. ಮಹಡಿ ಮೆಟ್ಟಿಲಲ್ಲಿ ಸಿಕ್ಕ ಆಂಟಿ, "ಏನ್ರೀ ಅದು ದಿನಾ ಪಟಪಟ ಅಂತ ಶಬ್ದ, ನಲ್ಲಿ ರಿಪೇರಿನಾ?" ಎಂದರು. ರೊಟ್ಟಿ ಬಡಿಯುವುದು ಎಂದು ಹೇಳಿ ಎರಡು ಕೊಟ್ಟಳು. ಮರುದಿನ ಅವರು ಒಂದು ಬಟ್ಟಲು ಬಸ್ಸಾರು ತಂದುಕೊಟ್ಟರು. ಬಸ್ಸಾರು ಎಂದರೆ ಸೊಪ್ಪು ಬೇಳೆ ಬೇಯಿಸಿದ ನೀರನ್ನು ಬಸಿದುಕೊಂಡು ಅದಕ್ಕೇ ಮಸಾಲೆ ರುಬ್ಬಿ ಹಾಕುವ ಸಾರು. ಮುದ್ದೆಯ ಜೊತೆ ಚೆನ್ನಾಗಿರುತ್ತದೆ, ರೊಟ್ಟಿಯ ಜೊತೆ ಸೇರುವುದಿಲ್ಲ. ನಾವು ರೊಟ್ಟಿಯ ಜೊತೆಯೇ ತಿಂದೆವು.

ನನ್ನ ಮಾತು ಕೇಳಿದ ತಕ್ಷಣ ಇಲ್ಲಿಯವರು, "ನೀವು ಹುಬ್ಬಳ್ಳಿ ಕಡೆಯವರಾ?" ಎನ್ನುತ್ತಾರೆ. ಬೀದರಿನಿಂದ ಹುಬ್ಬಳ್ಳಿ ಎಷ್ಟು ದೂರ ಎಂದು ಹೇಳಲು ಹೋಗುತ್ತಿದ್ದೆ. ಈಗ ಹೂಂ ಅಂದುಬಿಡುತ್ತೇನೆ.

ಕೇಂದ್ರದ ಮಾಲೀಕರು ಗಂಗಣ್ಣ. ಈ ಬಡಾವಣೆ ಏಳುವ ಮೊದಲು ಇಲ್ಲಿ ಅವರ ತಂದೆಯ ರಾಗಿ ಹೊಲ ಇತ್ತು. ಬೇಕರಿ ಇರುವ ಕಟ್ಟಡವೂ ಅವರದೇ. ಒಮ್ಮೆ ಬೋರ್ಡಿನ ಮುಂದೆ ನನ್ನನ್ನು ನಿಲ್ಲಿಸಿ ಹೇಳಿದರು: "ನೀವು ಪಾಠ ಮಾಡೋ ಜಾಗದಲ್ಲೇ ಕಣ್ರೀ ನಮ್ಮ ಎತ್ತು ಕಟ್ತಾ ಇದ್ದಿದ್ದು." ಮೊದಲ ಮಹಡಿಯಲ್ಲಿ ಎತ್ತು ಹೇಗೆ ಕಟ್ಟುತ್ತಿದ್ದರು ಎಂದು ನಾನು ಕೇಳಲಿಲ್ಲ.

ನನ್ನ ಕ್ರಮ ನನ್ನ ಗುರುಗಳ ಕ್ರಮ. ಮೊದಲು ಬೋರ್ಡಿನ ಮೇಲೆ ಪಟ್ಟಿ ಬರೆಯುತ್ತೇನೆ. ನಮ್ಮಲ್ಲಿ ಮೇಜು, ಕುರ್ಚಿ, ಲೋಟ ಎಲ್ಲವೂ "ಅದು". ಜರ್ಮನ್ನಿನಲ್ಲಿ ಒಂದು ವಸ್ತು ಗಂಡು, ಒಂದು ಹೆಣ್ಣು, ಒಂದು ಎರಡೂ ಅಲ್ಲದ್ದು. ಅದನ್ನು ಬಾಯಿಪಾಠ ಮಾಡಿಸುತ್ತೇನೆ. ಆಮೇಲೆ ಒಂದು ವಾಕ್ಯ ಕೊಟ್ಟು, ಬಿಡಿಸಿ, ಪ್ರತಿ ಪದ ಅಲ್ಲಿ ಯಾಕಿದೆ ಎಂದು ಹೇಳಿ, ಕನ್ನಡಕ್ಕೆ ತರಿಸುತ್ತೇನೆ. ಒಳಗೆ ಏನಿದೆ ಎಂದು ಗೊತ್ತಿಲ್ಲದ ವಾಕ್ಯವನ್ನು ಬಾಯಲ್ಲಿ ಹಾಕಿಕೊಳ್ಳಬಾರದು ಎಂದು ನಂಬಿದವನು ನಾನು. ಈಗಲೂ ಪೂರ್ತಿ ಬಿಟ್ಟಿಲ್ಲ. ನನ್ನ ತರಗತಿಯಲ್ಲಿ ಮಕ್ಕಳು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಮಾತನಾಡಿ ಎಂದರೆ ತಲೆ ತಗ್ಗಿಸುತ್ತಿದ್ದರು.

ಎರಡನೆಯ ಕೋಣೆ ಸುಮಾ ಮೇಡಮ್ಮಿನದು. ಮಹಾಲಕ್ಷ್ಮಿ ಲೇಔಟಿನಲ್ಲಿ ಹುಟ್ಟಿ ಬೆಳೆದವರು, ನನಗಿಂತ ಬಹಳ ಚಿಕ್ಕವರು. ಒಂದು ಆಫೀಸಿನಲ್ಲಿ ಗುಮಾಸ್ತೆಯಾಗಿದ್ದುಕೊಂಡೇ ಸಂಜೆ ಹೊತ್ತು ಜರ್ಮನ್ ಕಲಿತವರು. ನನಗೆ ಬರುವ ಜರ್ಮನ್ನಿನ ಅರ್ಧವೂ ಅವರಿಗೆ ಬರುವುದಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ, ಆದರೆ ಇದು ನಿಜವೂ ಹೌದು.

ಅವರ ಕೋಣೆಗೆ ಒಂದೇ ನಿಯಮ. ಚಪ್ಪಲಿ ಹೊರಗೆ ಬಿಡಬೇಕು. ಮೊದಲ ದಿನ ಮಕ್ಕಳಿಗೆ ಅವರು ಹೇಳುವುದನ್ನು ನಾನು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದೇನೆ: "ಕನ್ನಡಾನೂ ಚಪ್ಪಲಿ ಜೊತೆ ಸ್ಟ್ಯಾಂಡಲ್ಲೇ ಬಿಡ್ರಮ್ಮಾ. ಯಾರೂ ಕದಿಯಲ್ಲ. ಹೋಗ್ತಾ ಹಾಕ್ಕೊಂಡು ಹೋಗಿ." ಅಲ್ಲಿಂದ ಮುಂದೆ ಪಾಠ ಮುಗಿಯುವ ತನಕ ಆ ಕೋಣೆಯಲ್ಲಿ ಕನ್ನಡವಿಲ್ಲ, ಇಂಗ್ಲಿಷೂ ಇಲ್ಲ. ಲೋಟ ಎತ್ತಿ ಲೋಟ ಅನ್ನುತ್ತಾರೆ. ಕುಡಿಯುತ್ತಾ ಕುಡಿಯುತ್ತೇನೆ ಅನ್ನುತ್ತಾರೆ. ಮಕ್ಕಳು ಮಾಡುತ್ತಾ ಹೇಳುತ್ತಾರೆ, ಬಹಳ ದಿನಗಳಾದ ಮೇಲೆ ಬರೆಯುತ್ತಾರೆ. ಲೋಟ ಗಂಡೋ ಹೆಣ್ಣೋ ಎಂದು ಯಾರೂ ಕೇಳುವುದಿಲ್ಲ. ಸುಮಾ ಅವರೇ ಅದನ್ನು ಎಷ್ಟೋ ಸಲ ತಪ್ಪು ಹೇಳುತ್ತಾರೆ, ಅಷ್ಟು ಧೈರ್ಯವಾಗಿ ತಪ್ಪು ಹೇಳುವುದು ನನಗೆ ಜೀವಮಾನದಲ್ಲಿ ಸಾಧ್ಯವಾಗಿಲ್ಲ.

ಗುರುವಾರ ಅವರು ತಮ್ಮ ಅತ್ತೆ ಗೌರಮ್ಮನವರನ್ನು ಕರೆತರುತ್ತಿದ್ದರು. ಬಾಪೂಜಿ ನಗರದ ಮನೆಯಿಂದ ಆಟೋದಲ್ಲಿ. ಗಾರ್ಮೆಂಟ್ಸ್ ಕೆಲಸದಿಂದ ನಿವೃತ್ತರಾದ ಹೆಂಗಸು, ಮನೆಯಲ್ಲಿ ಕೂತು ಬೇಸರ. ಇಲ್ಲಿ ಅವರದು ರೋಗಿಯ ಪಾತ್ರ. ಮಕ್ಕಳಿಗೆ ಕನ್ನಡ ನಿಷೇಧ, ಗೌರಮ್ಮನವರಿಗೆ ಕನ್ನಡ ಮಾತ್ರ. ಭಾಷೆ ತಿಳಿಯದ, ಹೆದರಿದ, ಹಟ ಮಾಡುವ ರೋಗಿಯನ್ನು ಜರ್ಮನ್ನಿನಲ್ಲಿ ಸಮಾಧಾನ ಮಾಡಿ ಕೂರಿಸಬೇಕು, ಹೊರಳಿಸಬೇಕು, ಮಾತ್ರೆ ನುಂಗಿಸಬೇಕು. ಮಾತ್ರೆ ಎಂದರೆ ಬೇಕರಿಯ ಪೆಪ್ಪರ್‌ಮಿಂಟು, ಅದನ್ನೂ ಅವರು ಬಾಯಿಗೆ ಹಾಕಿಕೊಳ್ಳದೆ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ.

ಅವರ ಮಾತು ಪಡಸಾಲೆಗೆಲ್ಲ ಕೇಳುತ್ತಿತ್ತು. "ಯಾಕಮ್ಮಾ ಕಿವೀಲಿ ಕಿರುಚ್ತೀಯ? ಜರ್ಮನಿಲಿ ಎಲ್ರೂ ಕಿವುಡ್ರಾ?" "ಕೈ ತಣ್ಣಗಿದೆ ನಿಂದು, ಮುಟ್ಟಬೇಡ ಹೋಗು." "ನಮ್ಮ ಸೊಸೆಗೆ ಹೇಳ್ತೀನಿ ಇರು, ನಿಂಗೆ ಸೊನ್ನೆ ಹಾಕಿಸ್ತೀನಿ." ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ನಗುತ್ತಲೇ ಜರ್ಮನ್ನಿನಲ್ಲಿ ಉತ್ತರ ಕೊಡುತ್ತಿದ್ದರು. ಗೋಡೆಯ ಈಚೆ ನನ್ನ ಮಕ್ಕಳು ಪೆನ್ನು ಹಿಡಿದು ಆ ನಗುವನ್ನು ಕೇಳುತ್ತಿದ್ದರು. ನಾನೂ ಬೋರ್ಡಿನ ಕಡೆ ಮುಖ ಮಾಡಿ ಕೇಳುತ್ತಿದ್ದೆ.

ನನ್ನ ಮಕ್ಕಳು ಒಬ್ಬೊಬ್ಬರಾಗಿ ಆ ಕೋಣೆಗೆ ದಾಟಿದರು. ಭಾಗ್ಯ ದಾಟಿದ್ದು ನನಗೆ ಹೆಚ್ಚು ನೋವು ಮಾಡಿತು. ಕೆಂಗೇರಿಯ ಹುಡುಗಿ, ನನ್ನ ಪಟ್ಟಿಗಳನ್ನು ಅವಳಷ್ಟು ಚೆನ್ನಾಗಿ ಕಲಿತವರಿಲ್ಲ, ಆದರೆ ಬಾಯಿ ಬಿಟ್ಟು ಒಂದು ಪೂರ್ತಿ ವಾಕ್ಯ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬಂದು ಕೈಕಟ್ಟಿ ನಿಂತು ಹೇಳಿದಳು: "ಸಾರ್, ನೀವು ಹೇಳಿಕೊಡೋದು ಅರ್ಥ ಆಗುತ್ತೆ. ಆದರೆ ನಂಗೆ ಮಾತಾಡಕ್ಕೆ ಭಯ ಸಾರ್. ಅಲ್ಲಿ ಭಯ ಆಗಲ್ಲ." ನಾನು ಆಗಲಮ್ಮ ಅಂದೆ. ಅವತ್ತು ಮನೆಗೆ ಬಂದು ಸುಮಾ ಮೇಡಮ್ಮಿನ ತಪ್ಪುಗಳನ್ನೆಲ್ಲ ಲಲಿತಾಳಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು. "ದಿನಾ ಆಕಿಗಿ ಬೈಲಾಕ ಅಂತ ಸುರು ಮಾಡ್ತೀರಿ, ಹೊಗಳಿ ಮುಗಸ್ತೀರಿ. ಇದು ಯಾವ ನಮೂನಿ ಸಿಟ್ಟು ನಿಮ್ದು?" ಎಂದಳು.

ಯಾವ ನಮೂನೆ ಎಂದು ನಾನೂ ಯೋಚಿಸಿದ್ದೇನೆ. ಅವರ ಬೋಧನೆಯೊಂದೇ ಆಗಿದ್ದರೆ ಸಹಿಸುತ್ತಿದ್ದೆನೇನೋ. ಯುಗಾದಿಗೆ ಮಕ್ಕಳು ಅವರಿಗೆ ಒಬ್ಬಟ್ಟು ತರುತ್ತಿದ್ದರು. ಅವರಿಗೆ ಯಾವ ಬಸ್ಸು ಎಲ್ಲಿ ತಿರುಗುತ್ತದೆ ಎಂದು ಗೊತ್ತು, ಬೇಕರಿಯವನ ಮಗಳ ಹೆಸರು ಗೊತ್ತು. ಗಂಗಣ್ಣನವರ ಜೊತೆ ಅವರು ಜಗಳವಾಡಿದರೂ ಅದು ಮನೆಯೊಳಗಿನ ಜಗಳದಂತೆ ಇರುತ್ತಿತ್ತು. ಕನ್ನಡವನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬನ್ನಿ ಎಂದು ಹೇಳುವ ಧೈರ್ಯ ಅವರಿಗೆ ಬಂದದ್ದೇ ಹಿಂತಿರುಗಿ ಬಂದಾಗ ಅದು ಅಲ್ಲೇ ಇರುತ್ತದೆ ಎಂಬ ಖಾತ್ರಿಯಿಂದ. ನನ್ನ ಕನ್ನಡವನ್ನು ನಾನು ಬೀದರಿನಿಂದ ಇಲ್ಲಿಗೆ ತಂದಾಗಲೇ ಅದರ ಅರ್ಧ ಯಾರಿಗೂ ಬೇಡವಾಗಿತ್ತು.

ಪರೀಕ್ಷೆಯ ಬ್ಯಾಚು ಮಾಡುವ ಹೊತ್ತು ಬಂತು. ಜರ್ಮನಿಗೆ ಹೋಗುವ ಕೊನೆಯ ಪರೀಕ್ಷೆಗೆ ಮಕ್ಕಳನ್ನೆಲ್ಲ ಒಂದೇ ತಂಡ ಮಾಡಿ ಒಬ್ಬರೇ ಕಲಿಸಬೇಕು. ಆ ಬ್ಯಾಚು ಸಿಕ್ಕವರಿಗೆ ಪೂರ್ತಿ ಕೆಲಸ. ಸಿಗದವರಿಗೆ ಬೆಳಗಿನ ಹೊಸಬರ ತರಗತಿ ಮಾತ್ರ. ಪೂರ್ತಿ ಕೆಲಸ ಇಲ್ಲದಿದ್ದರೆ ಮೂಡಲಪಾಳ್ಯದ ಮನೆ ನಡೆಯುವುದು ಕಷ್ಟ, ಬೀದರಿಗೆ ಹಿಂತಿರುಗಿದರೆ ಅಲ್ಲಿ ನನ್ನ ವಿಷಯವೇ ಉಳಿದಿಲ್ಲ. ಗಂಗಣ್ಣ ನನ್ನನ್ನು ಕರೆದು ಹೇಳಿದರು: "ಮೇಷ್ಟ್ರೇ, ನಂಗೆ ಜರ್ಮನ್ ಬರಲ್ಲ. ಶಬ್ದ ಗೊತ್ತಾಗ್ತದೆ. ಆ ರೂಮಲ್ಲಿ ಹುಡ್ಗೀರ ಶಬ್ದ ಕೇಳ್ತದೆ, ನಿಮ್ಮ ರೂಮಲ್ಲಿ ಫ್ಯಾನ್ ಶಬ್ದ ಕೇಳ್ತದೆ. ಬೇಜಾರ್ ಮಾಡ್ಕೋಬೇಡಿ. ಗುರುವಾರ ಅವರ ಕ್ಲಾಸು ಒಂದ್ಸಲ ನೋಡಿ ಬನ್ನಿ. ಆಮೇಲೆ ಕೂತು ಮಾತಾಡಣ."

ಒಳಗೆ ಹೋಗಿ ಕೂರಲು ನನಗೆ ಮನಸ್ಸಾಗಲಿಲ್ಲ. ನೀರು ತುಂಬಿಸಿಕೊಳ್ಳುವ ನೆಪದಲ್ಲಿ ಗಾಜಿನ ಮುಂದೆ ನಿಂತೆ.

ಆ ದಿನದ ಪಾಠ ಗೊಂದಲಗೊಂಡ ರೋಗಿಯದು. ಅಂದರೆ ತಾನೆಲ್ಲಿದ್ದೇನೆ ಎಂದು ತಿಳಿಯದ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡದ ರೋಗಿ. ನಾನು ಮಕ್ಕಳನ್ನು ನೋಡಲಿಲ್ಲ. ಈ ಕೋಣೆಯ ಜಾದೂ ಎಲ್ಲ ಇರುವುದು ಅಜ್ಜಿಯಲ್ಲಿ, ಕ್ರಮದಲ್ಲಿ ಏನೂ ಇಲ್ಲ ಎಂದು ಗಂಗಣ್ಣನವರಿಗೆ ಹೇಳಬೇಕೆಂದು ನಿರ್ಧರಿಸಿದ್ದೆ. ಹಾಗಾಗಿ ಅಜ್ಜಿಯನ್ನೇ ನೋಡುತ್ತಿದ್ದೆ. ಅಷ್ಟು ಗಮನವಿಟ್ಟು ಅವರನ್ನು ಆ ಹೊತ್ತು ಬೇರೆ ಯಾರೂ ನೋಡುತ್ತಿರಲಿಲ್ಲ.

ಮೊದಲು ಕಂಡದ್ದು ಮೌನ. ಭಾಗ್ಯ ಅವರ ಕೈ ಹಿಡಿದು ಹೆಸರೇನು ಎಂದು ಜರ್ಮನ್ನಿನಲ್ಲಿ ಕೇಳಿದಳು. ಬೇರೆ ಗುರುವಾರವಾಗಿದ್ದರೆ ಒಂದು ಬೈಗುಳ ಬರಬೇಕಿತ್ತು. ಬರಲಿಲ್ಲ. ಗೌರಮ್ಮ ಅವಳ ಮುಖವನ್ನೇ ನೋಡಿದರು. ಮಕ್ಕಳಲ್ಲಿ ಯಾರೋ ಕಿಸಕ್ಕನೆ ನಕ್ಕರು, ಎಷ್ಟು ಚೆನ್ನಾಗಿ ಮಾಡುತ್ತಾರೆ ಎಂಬ ನಗು. ಸುಮಾ ಕೋಣೆಯ ಹಿಂದೆ ಕಿಟಕಿಯ ಹತ್ತಿರ ನಿಂತು ತಲೆಯಾಡಿಸಿ, ಮುಂದುವರಿಸು ಎಂದು ಭಾಗ್ಯಳಿಗೆ ಸನ್ನೆ ಮಾಡಿದರು. ಆಮೇಲೆ ಕಂಡದ್ದು ಬೆವರು. ಫ್ಯಾನು ಸರಿಯಾಗಿ ಅವರ ತಲೆಯ ಮೇಲಿತ್ತು, ಮಕ್ಕಳ ಓಡ್ನಿಗಳು ಹಾರುತ್ತಿದ್ದವು. ಅವರ ಮೇಲ್ದುಟಿಯ ಮೇಲೆ, ಹಣೆಯ ಮೇಲೆ ನೀರು ನಿಂತಿತ್ತು. ಅವರು ಸೆರಗಿನಿಂದ ಒರೆಸಿಕೊಳ್ಳಲು ಕೈ ಎತ್ತಿದರು. ಕೈ ಸೆರಗನ್ನು ಹುಡುಕಿತು, ಸಿಗಲಿಲ್ಲ, ಮತ್ತೆ ಹುಡುಕಿತು, ಮಡಿಲಿಗೆ ಬಿತ್ತು. ನಟನೆಯಲ್ಲಿ ಆ ಕೈ ಹಾಗೆ ಬೀಳುವುದಿಲ್ಲ.

ಕೋಣೆಯಲ್ಲಿದ್ದವರೆಲ್ಲ ನರ್ಸುಗಳು. ವಾರ್ಡಿನಲ್ಲಿ ಆಗಿದ್ದರೆ ಬಾಗಿಲಿನಿಂದಲೇ ಗುರುತಿಸುತ್ತಿದ್ದರು. ಆ ಹೊತ್ತು ಅವರು ಮುಂದಿನ ಜರ್ಮನ್ ಪದವನ್ನು ಹುಡುಕುತ್ತಿದ್ದರು.

ನಾನು ಬಾಗಿಲು ತಳ್ಳಿ ಒಳಗೆ ಹೋದೆ. ಚಪ್ಪಲಿ ಬಿಡಲಿಲ್ಲ. ಬಾಯಿಂದ ಬಂದದ್ದು ಬೀದರಿನ ಮಾತು: "ಅವರಿಗಿ ಬೆವರ ಬರ್ಲತದ, ನೋಡ್ರಿ. ಖರೇನೇ ಆರಾಮಿಲ್ಲ."

ಒಂದು ಗಳಿಗೆ ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ನಡೆದದ್ದನ್ನು ನಾನು ಹಲವು ಸಲ ನೆನಪಿಗೆ ತಂದು ಪರೀಕ್ಷಿಸಿದ್ದೇನೆ, ಅದು ಹೀಗೆಯೇ ನಡೆಯಿತು. ಆ ಕೋಣೆಯ ಆಟಗಳಲ್ಲಿ ಕೆಲವೊಮ್ಮೆ ರೋಗಿಯ ಕಡೆಯವರೊಬ್ಬರು ಗಾಬರಿಯಿಂದ ವಾರ್ಡಿಗೆ ನುಗ್ಗುವುದೂ ಇತ್ತು. ಭಾಗ್ಯ ನನ್ನನ್ನು ಆ ಕಡೆಯವನು ಎಂದುಕೊಂಡಳು. ಮೇಡಮ್ಮೇ ನನ್ನನ್ನು ಕರೆಸಿದ್ದಾರೆ ಎಂದುಕೊಂಡಳು. ಎದ್ದು ನಿಂತು, ನನ್ನ ಎದೆಯ ಮುಂದೆ ಅಂಗೈ ಅಡ್ಡ ಹಿಡಿದು, ಸ್ಪಷ್ಟವಾದ ದನಿಯಲ್ಲಿ ಹೇಳಿದಳು: "ಬಿಟ್ಟೆ, ವಾರ್ಟನ್ ಸೀ ಡ್ರೌಸನ್." ದಯವಿಟ್ಟು ಹೊರಗೆ ಕಾಯಿರಿ.

ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಮರ್ಯಾದೆಯ ರೂಪ ಸರಿಯಾಗಿತ್ತು, ಪದಗಳ ಜಾಗ ಸರಿಯಾಗಿತ್ತು, ದನಿಯಲ್ಲಿ ಭಯ ಇರಲಿಲ್ಲ. ನನ್ನ ಕೋಣೆಯಲ್ಲಿ ಅಷ್ಟು ಕಾಲ ತಲೆ ತಗ್ಗಿಸಿ ಕೂತವಳು ನನ್ನನ್ನೇ ಹೊರಗೆ ಕಳಿಸಲು ಬಾಯಿ ತೆರೆದಿದ್ದಳು. ಎದುರಿಗೆ ಒಬ್ಬ ಹೆಂಗಸಿಗೆ ಪ್ರಜ್ಞೆ ತಪ್ಪುತ್ತಿದ್ದಾಗಲೂ ನನ್ನ ಹೊಟ್ಟೆಯಲ್ಲಿ ಉರಿ ಎದ್ದಿತು, ಅದೂ ನೆನಪಿದೆ.

"ಭಾಗ್ಯಾ, ಇದು ಪಾಠ ಅಲ್ಲಮ್ಮ. ಅವರನ್ನ ನೋಡು," ಎಂದೆ.

ಅವಳು ತಿರುಗಿದಳು. ತಿರುಗುವಷ್ಟರಲ್ಲಿ ವಿದ್ಯಾರ್ಥಿನಿ ಹೋಗಿ ನರ್ಸು ಬಂದಿದ್ದಳು. "ಅಜ್ಜಿ, ತಿಂಡಿ ತಿಂದ್ರಾ? ಅಜ್ಜಿ, ಇಲ್ಲಿ ನೋಡಿ. ಬೆಳಿಗ್ಗೆ ಏನ್ ತಿಂದ್ರಿ?" ಗೌರಮ್ಮ ಇಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. ಸುಮಾ ಕಿಟಕಿಯ ಹತ್ತಿರದಿಂದ ಬಂದು ಅತ್ತೆಯ ಪಾದ ಹಿಡಿದುಕೊಂಡು ಕೂತುಬಿಟ್ಟರು. ಒಬ್ಬ ಹುಡುಗಿ ತನ್ನ ಬ್ಯಾಗಿನಿಂದ ಶುಗರ್ ನೋಡುವ ಯಂತ್ರ ತೆಗೆದಳು, ಇನ್ನೊಬ್ಬಳು ಬರಿಗಾಲಲ್ಲೇ ಬೇಕರಿಗೆ ಓಡಿ ಮಾವಿನ ಜ್ಯೂಸು ತಂದಳು. ಶುಗರ್ ತೀರಾ ಕೆಳಗೆ ಹೋಗಿತ್ತು. ಇನ್ನೂ ನುಂಗುತ್ತಾರೆ ಎಂದು ನೋಡಿಕೊಂಡು ಭಾಗ್ಯ ಅವರ ತಲೆಯನ್ನು ತನ್ನ ತೋಳಿಗೆ ಒರಗಿಸಿಕೊಂಡು ಲೋಟವನ್ನು ತುಟಿಗೆ ಹಿಡಿದಳು. ಗುಟುಕು ಗುಟುಕಾಗಿ ಕುಡಿಸುತ್ತಾ ಅವಳು ಒಂದೇ ಪದವನ್ನು ಹೇಳುತ್ತಿದ್ದಳು. "ಲಾಂಗ್ಸಾಮ್. ಲಾಂಗ್ಸಾಮ್ ಅಜ್ಜಿ. ಲಾಂಗ್ಸಾಮ್." ನಿಧಾನ ಎಂದು ಅರ್ಥ. ತಾನು ಯಾವ ಭಾಷೆಯಲ್ಲಿ ಹೇಳುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಕೇಳಿದಾಗ, "ಹೌದಾ ಸಾರ್? ನಾನು ನಿಧಾನ ಅಂತ ಅಂದೆ ಅನ್ಕೊಂಡಿದ್ದೆ," ಎಂದಳು.

ಇಷ್ಟು ವರ್ಷ ಕಲಿಸಿದವನು ನಾನು. ಒಂದು ಜರ್ಮನ್ ಪದ ಬೋರ್ಡಿನಿಂದ ಇಳಿದು ಹಾಗೆ ಒಬ್ಬರ ಕೈಗೆ ಬಂದದ್ದನ್ನು ನೋಡಿರಲಿಲ್ಲ. ಆ ಪದವನ್ನು ಕಲಿಸಿದ್ದು ಸುಮಾ.

ಗೌರಮ್ಮನವರ ಕಣ್ಣಿಗೆ ನೋಟ ಬಂತು. ಮೊದಲು ಲೋಟ ನೋಡಿದರು, ಆಮೇಲೆ ನನ್ನ ಕಾಲು.

"ಈ ಮೇಷ್ಟ್ರು ಯಾಕೆ ಚಪ್ಪಲಿ ಹಾಕ್ಕೊಂಡು ಬಂದವ್ರೆ?" ಎಂದರು. ಮಕ್ಕಳಲ್ಲಿ ಕೆಲವರು ನಕ್ಕರು, ಕೆಲವರು ಅತ್ತರು. ವಿಷಯ ಆಗ ಹೊರಬಿತ್ತು. ಅವತ್ತು ಸಂಕಷ್ಟಿ. ಚಂದ್ರನನ್ನು ನೋಡುವ ತನಕ ಅವರು ಏನೂ ತಿನ್ನುವುದಿಲ್ಲ. ಸೊಸೆ ಬೈಯುತ್ತಾಳೆಂದು ತಿಂಡಿ ತಿಂದೆ ಎಂದು ಸುಳ್ಳು ಹೇಳಿದ್ದರು. ಡಾಕ್ಟರು ತಪ್ಪಿಸಬಾರದು ಎಂದಿದ್ದಾರೆಂದು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದರು. "ಜ್ಯೂಸ್ ಕುಡಿಸಿ ಉಪವಾಸ ಕೆಡಿಸಿಬಿಟ್ರಿ ನೀವು," ಎಂದು ಭಾಗ್ಯಳ ಮೇಲೆ ಸಿಟ್ಟು ಮಾಡಿದರು. ಗಂಗಣ್ಣ ಮೇಲೆ ಬಂದು, ತಮ್ಮ ಕಾರಿನಲ್ಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಸಂಜೆಗೆ ಆಸ್ಪತ್ರೆಯವರು ಮನೆಗೆ ಕಳಿಸಿದರು.

ಮರುದಿನ ಗಂಗಣ್ಣ ಬೇಕರಿಯ ಹಿಂದಿನ ತಮ್ಮ ಕೋಣೆಗೆ ನನ್ನನ್ನೂ ಸುಮಾ ಅವರನ್ನೂ ಕರೆದರು. ಸುಮಾ ನಿದ್ದೆಗೆಟ್ಟ ಮುಖದಲ್ಲಿ ಕೂತಿದ್ದರು.

"ಆಯಮ್ಮನಿಗೆ ಹೆಚ್ಚುಕಮ್ಮಿ ಆಗಿದ್ರೆ ಇಷ್ಟೊತ್ತಿಗೆ ಟಿವಿಯೋರು ಕೆಳಗೆ ನಿಂತಿರೋರು," ಎಂದರು ಗಂಗಣ್ಣ. "ಮೇಷ್ಟ್ರೇ, ಹೊರಗಡೆ ನಿಂತು ಮೊದಲಿಂದ ನೋಡಿದೋರು ನೀವೊಬ್ರೇ. ಈ ನಾಟಕ ಆಡಿಸೋ ಪಾಠದಿಂದ ಹಿಂಗಾಯ್ತು ಅಂತ ನೀವು ಅಂದ್ರೆ ಇವತ್ತಿಂದ ನಿಲ್ಲಿಸ್ತೀನಿ. ಬ್ಯಾಚು ಪೂರ್ತಿ ನಿಮಗೆ. ಯೋಚ್ನೆ ಮಾಡಿ ಹೇಳಿ."

ಯೋಚನೆ ಮಾಡಿದೆ. ಸುಮಾ ನನ್ನ ಕಡೆ ನೋಡಲಿಲ್ಲ, ಮೇಜಿನ ಮೇಲಿದ್ದ ಬನ್ನಿನ ತಟ್ಟೆ ನೋಡುತ್ತಿದ್ದರು. ನಾನು ಹೂಂ ಎಂದರೆ ಸಾಕಾಗಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಮಕ್ಕಳು ಅದನ್ನು ನಟನೆ ಎಂದುಕೊಂಡರು, ಸುಮಾ ಅವರೂ ಎಂದುಕೊಂಡರು. ಅದು ಆ ಕ್ರಮದಿಂದ ಆದ ತಪ್ಪೇ. ಆದರೆ ನಾನು ನೋಡಿದ್ದು ಅಷ್ಟೇ ಆಗಿರಲಿಲ್ಲ.

ನೋಡಿದ್ದನ್ನು ಅದೇ ಅನುಕ್ರಮದಲ್ಲಿ ಹೇಳಿದೆ. ಅಜ್ಜಿ ಉಪವಾಸ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಬೆವರನ್ನು ನರ್ಸುಗಳು ತಡವಾಗಿ ಕಂಡರು, ನಟನೆ ಎಂದುಕೊಂಡದ್ದೇ ಕಾರಣ. ಹೇಳಿದ ಮೇಲೆ ತಡಮಾಡಲಿಲ್ಲ. "ಇನ್ನು ಮುಂದೆ ಆಟ ನಿಲ್ಲಿಸೋಕೆ ಒಂದು ಮಾತು ಗೊತ್ತು ಮಾಡಿಕೊಳ್ಳಿ, ಅಜ್ಜಿಯ ಶುಗರ್ ಮೊದಲೇ ನೋಡಿ. ಆದರೆ ಪಾಠ ನಿಲ್ಲಿಸಬೇಡಿ ಸರ್. ಆ ಹುಡುಗಿ ನನ್ನನ್ನ ಹೊರಗೆ ಹಾಕಿದಳು. ಪರೀಕ್ಷೆಯಲ್ಲಿ ಅಂಥ ವಾಕ್ಯ ಬಂದರೆ ಪೂರ್ತಿ ಅಂಕ ಕೊಡ್ತಾರೆ."

"ಅಂದ್ರೆ ಬ್ಯಾಚು ಅವರಿಗೇ ಕೊಡು ಅಂತೀರಾ?"

"ಅದನ್ನು ನನ್ನ ಬಾಯಿಂದ ಹೇಳಿಸಬೇಡಿ," ಎಂದೆ.

ಗಂಗಣ್ಣ ನಕ್ಕರು. ಬ್ಯಾಚು ಸುಮಾ ಅವರಿಗೆ ಹೋಯಿತು. ನನಗೆ ಬೆಳಗಿನ ಹೊಸಬರು ಉಳಿದರು, ಜೊತೆಗೆ ಪರೀಕ್ಷೆಯ ಬರವಣಿಗೆ ಭಾಗಕ್ಕೆ ವಾರಕ್ಕೊಮ್ಮೆ ಒಂದು ತರಗತಿ. ಮನೆ ಬಿಡಬೇಕಾಗಲಿಲ್ಲ. ಲಲಿತಾ ಕೆಳಗಿನ ಆಂಟಿಯ ಪರಿಚಯದಿಂದ ಒಂದು ಅಂಗಡಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿಕೊಡಲು ಶುರುಮಾಡಿದಳು. ನಲ್ಲಿ ರಿಪೇರಿಯ ಶಬ್ದ ಈಗ ದಿನಾ ಎರಡು ಹೊತ್ತು ಕೇಳುತ್ತದೆ.

ಗಂಗಣ್ಣನವರ ಜೊತೆ ಮಾತಾದ ಆ ದಿನ ಮೆಟ್ಟಿಲು ಹತ್ತುವಾಗ ಸುಮಾ ಹಿಂದಿನಿಂದ ಕರೆದರು. ಥ್ಯಾಂಕ್ಸ್ ಎನ್ನುತ್ತಾರೆಂದು ನಿಂತೆ.

"ಸಾರ್, ಭಾಗ್ಯ ನಿಮಗೆ ಹೇಳಿದ್ದು, ಹೊರಗೆ ಕಾಯಿರಿ ಅಂತ. ಅದನ್ನ ನಾನು ಹೇಳಿಕೊಟ್ಟಿಲ್ಲ."

"ಹಂಗಾದ್ರ ಎಲ್ಲಿಂದ ಬಂತು?"

"ನಿಮ್ಮ ಪಟ್ಟಿಯಿಂದ. ಮರ್ಯಾದೆ ಕೊಟ್ಟು ಹೇಳೋ ರೂಪ ನಾನಿನ್ನೂ ಮಾಡೇ ಇಲ್ಲ. ನಮ್ಮ ಹುಡ್ಗೀರು ಎಲ್ಲಾ ತುಂಡು ತುಂಡು ಹೇಳ್ತಾರೆ. ನಿಮ್ಮ ಕಡೆಯಿಂದ ಬಂದೋರು ಮಾತ್ರ ಪೂರ್ತಿ ವಾಕ್ಯ ಹೇಳ್ತಾರೆ." ಅವರು ಮುಖ ಆಚೆ ತಿರುಗಿಸಿದರು. "ನಂಗೆ ಅದೇ ಹೊಟ್ಟೆ ಉರಿ."

ಆ ಮುಖವನ್ನು ನಾನು ಗುರುತು ಹಿಡಿದೆ. ನಮ್ಮ ಮನೆಯ ಕನ್ನಡಿಯಲ್ಲಿ ಅದನ್ನು ಸಾಕಷ್ಟು ನೋಡಿದ್ದೆ. ನನಗೆ ಆದ ಸಂತೋಷವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಅರ್ಧ ಹೇಳಿದಂತಾಗುತ್ತದೆ.

ಅದರಿಂದ ಹೊಟ್ಟೆಕಿಚ್ಚು ಹೋಗಿದೆ ಎಂದು ತಿಳಿಯಬೇಡಿ. ಗೋಡೆಯಾಚೆ ನಗು ಕೇಳಿದಾಗ ಈಗಲೂ ನನ್ನ ಸೀಮೆಸುಣ್ಣ ನಿಲ್ಲುತ್ತದೆ. ಕಳೆದ ಬೇಸಿಗೆಯಲ್ಲಿ ಬೀದರಿಗೆ ಬಂದಿದ್ದೆ. ಚೌಬಾರಾ ಗೋಪುರದ ಹತ್ತಿರ ಹಳೆಯ ಗೆಳೆಯ ಸಿಕ್ಕ. ನಾನು ಎರಡು ಮಾತು ಆಡುವಷ್ಟರಲ್ಲಿ, "ಏನಪಾ, ಪೂರಾ ಬೆಂಗಳೂರದಾವ ಆಗಿಬಿಟ್ಟಿ. ಬರ್ತಾ ಇದೀನಿ, ಹೋಗ್ತಾ ಇದೀನಿ ಅನ್ಲತಿ," ಎಂದು ನಗಾಡಿದ. ಅದೇ ವಾರ ಮೂಡಲಪಾಳ್ಯಕ್ಕೆ ಹಿಂತಿರುಗಿದಾಗ ಆಟೋದವನು ಹುಬ್ಬಳ್ಳಿ ಕಡೆಯವರಾ ಎಂದು ಕೇಳಿದ. ಹೂಂ ಎಂದೆ. ಅಲ್ಲಿಯವರೂ ಇಲ್ಲಿಯವರೂ ನನ್ನನ್ನು ಮರ್ಯಾದೆಯಿಂದಲೇ ಬಾಗಿಲ ಹತ್ತಿರ ನಿಲ್ಲಿಸುತ್ತಾರೆ. ಭಾಗ್ಯ ಹೇಳಿದ ರೂಪದಲ್ಲೇ.

ಆದರೆ ಒಂದು ಬದಲಾಗಿದೆ. ಈಗ ಗುರುವಾರ ನಾನು ನೀರಿನ ಕ್ಯಾನಿನ ಹತ್ತಿರ ನಿಲ್ಲುವು‍ದಿಲ್ಲ. ಸ್ಟ್ಯಾಂಡಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ರೋಗಿಯ ಕಡೆಯವನ ಪಾತ್ರ ನನ್ನದು. ಗಾಬರಿಯಿಂದ ನುಗ್ಗಬೇಕು, ಬೀದರಿನ ಕನ್ನಡದಲ್ಲಿ ಮಾತ್ರ ಮಾತನಾಡಬೇಕು. ಹುಡುಗಿಯರಿಗೆ ಅದು ಅರ್ಧ ತಿಳಿಯುವುದಿಲ್ಲ, ಹಾಗಾಗಿ ಅಭ್ಯಾಸಕ್ಕೆ ಒಳ್ಳೆಯದು ಎಂದು ಸುಮಾ ಹೇಳುತ್ತಾರೆ. ಈ ಊರಿಗೆ ಬಂದ ಮೇಲೆ ನನ್ನ ಊರಿನ ಮಾತನ್ನು ಬೇಕೆಂದು ಕೇಳಿದವರು ಅವರೊಬ್ಬರೇ. ಅದಕ್ಕೂ ನನಗೆ ಅವರ ಮೇಲೆ ಸ್ವಲ್ಪ ಸಿಟ್ಟಿದೆ.

ಇದನ್ನು ನಾನೊಬ್ಬನೇ ನೋಡಿದ್ದಲ್ಲ. ಭಾಗ್ಯ ನೋಡಿದ್ದಾಳೆ, ಪರೀಕ್ಷೆ ಪಾಸಾಗಿ ಈಗ ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನಲ್ಲಿದ್ದಾಳೆ. ಸುಮಾ ನೋಡಿದ್ದಾರೆ, ಗೋಡೆಯ ಆಚೆ ಇದ್ದಾರೆ. ಗಂಗಣ್ಣ ಎಲ್ಲ ಮುಗಿದ ಮೇಲೆ ಬಂದು ನೆಲದ ಮೇಲೆ ಚೆಲ್ಲಿದ ಜ್ಯೂಸು ಮಾತ್ರ ನೋಡಿದರು, ಆದರೆ ಮೊದಲಿನಿಂದ ನೋಡಿದವರ ಹಾಗೆ ಎಲ್ಲರಿಗೂ ಹೇಳುತ್ತಾರೆ. ಗೌರಮ್ಮನವರು ಬಾಪೂಜಿ ನಗರದಲ್ಲಿದ್ದಾರೆ, ಸಂಕಷ್ಟಿಯ ದಿನ ಈಗ ಅವಲಕ್ಕಿ ತಿನ್ನುತ್ತಾರೆ, ಗುರುವಾರ ತಪ್ಪಿಸುವುದಿಲ್ಲ. ನಾನು ಒಳಗೆ ನುಗ್ಗಿದ ಕೂಡಲೇ ದಿಂಬಿನಿಂದ ತಲೆ ಎತ್ತಿ ಮೊದಲು ನನ್ನ ಕಾಲು ನೋಡುತ್ತಾರೆ.